ಕಥೆ ಮುಗಿದ ಮೇಲಿನ ಅರ್ಧ ನಿಮಿಷ

ಬಾನುಲಿಯ ಕಥೆಗಳಲ್ಲಿ, ಅದರಲ್ಲೂ ಸಮಾಜ ಸುಧಾರಣೆಯ ಉದ್ದೇಶವಿಟ್ಟುಕೊಂಡು ಬರೆಸಿದ ಧಾರಾವಾಹಿಗಳಲ್ಲಿ, ಕೊನೆಗೆ ಬರುವ ಒಂದು ಭಾಗದ ಬಗ್ಗೆ ನನಗೆ ಬಹಳ ಕಾಲದಿಂದ ತಕರಾರಿದೆ. ಪಾತ್ರಗಳ ಮಾತು ನಿಂತು ಸಂಗೀತ ಇಳಿಯುತ್ತಿದ್ದಂತೆಯೇ ಗಂಭೀರವಾದ ಧ್ವನಿಯೊಂದು ಬಂದು, ಈಗ ಕೇಳಿದ ಕಥೆಯಿಂದ ನಾವು ಕಲಿಯಬೇಕಾದದ್ದೇನು ಎಂಬುದನ್ನು ಅರ್ಧ ನಿಮಿಷದಲ್ಲಿ ಹೇಳಿ ಹೋಗುತ್ತದೆ. ವರದಕ್ಷಿಣೆ ಕೆಟ್ಟದ್ದು, ಹೆಣ್ಣುಮಕ್ಕಳನ್ನು ಓದಿಸಬೇಕು, ಕುಡಿತದಿಂದ ಮನೆ ಹಾಳಾಗುತ್ತದೆ. ಇವುಗಳಲ್ಲಿ ಯಾವ ಮಾತೂ ಸುಳ್ಳಲ್ಲ. ಆದರೆ ಅಷ್ಟು ಹೊತ್ತು ಯಾರದೋ ಮನೆಯ ಸಂಕಟಕ್ಕೆ ಕಿವಿಗೊಟ್ಟು ಕೂತಿದ್ದವರು ಅದನ್ನು ತಮ್ಮ ಮನೆಯ ಪಕ್ಕದಲ್ಲಿಟ್ಟು ನೋಡುವುದಕ್ಕೂ ಮೊದಲೇ ಉತ್ತರ ಬಂದುಬಿಟ್ಟಿರುತ್ತದೆ. ಕಥೆ ಹೇಳಿದ ಮೇಲೆ ಅರ್ಥ ಹುಡುಕುವ ಕೆಲಸವನ್ನು ಕೇಳುಗರಿಗೇ ಬಿಡಬೇಕು, ಹಾಗೆ ಬಿಟ್ಟಾಗ ಅವರು ನಾವು ಬಯಸದ ಕಡೆಗೂ ಹೋಗಬಹುದು ಎಂಬುದನ್ನು ಒಪ್ಪಿಕೊಂಡೇ ಬಿಡಬೇಕು ಎನ್ನುವುದು ನನ್ನ ವಾದ. ಇದರಲ್ಲಿ ಮೊದಲನೆಯ ಮಾತಿಗೆ ಎಲ್ಲರೂ ತಲೆದೂಗುತ್ತಾರೆ. ಎರಡನೆಯದಕ್ಕೆ ಬಂದಾಗ ಕೈ ಹಿಂದಕ್ಕೆ ಹೋಗುತ್ತದೆ.

ಈ ಸಮಾರೋಪದ ಮಾತಿಗೆ ಒಂದು ವಂಶಾವಳಿಯೇ ಇದೆ. ಮೆಕ್ಸಿಕೊದ ಮಿಗೆಲ್ ಸಬಿದೊ ಎಂಬ ನಿರ್ದೇಶಕರು 1970ರ ದಶಕದಲ್ಲಿ ವಯಸ್ಕರ ಸಾಕ್ಷರತೆ, ಕುಟುಂಬ ಯೋಜನೆ ಮುಂತಾದ ವಿಷಯಗಳನ್ನು ಜನಪ್ರಿಯ ಟೆಲಿವಿಷನ್ ಧಾರಾವಾಹಿಗಳ ಒಳಗೆ ಹೆಣೆಯುವ ಒಂದು ಕ್ರಮವನ್ನು ರೂಪಿಸಿದರು. ಒಳ್ಳೆಯ ದಾರಿಯಲ್ಲಿರುವವರು, ಕೆಟ್ಟ ದಾರಿ ಹಿಡಿದವರು, ಇಬ್ಬರ ನಡುವೆ ತೂಗಾಡುತ್ತ ಕೊನೆಗೊಂದು ಕಡೆಗೆ ವಾಲುವವರು ಎಂದು ಮೂರು ಬಗೆಯ ಪಾತ್ರಗಳನ್ನಿಟ್ಟು, ಒಳಿತಿಗೆ ಫಲವೂ ಕೆಡುಕಿಗೆ ಶಿಕ್ಷೆಯೂ ಸಿಗುವಂತೆ ಕಥೆ ನಡೆಸಿ, ಕೊನೆಯಲ್ಲಿ ಜನ ಗೌರವಿಸುವ ವ್ಯಕ್ತಿಯೊಬ್ಬರ ಬಾಯಲ್ಲಿ ಅದರ ತಾತ್ಪರ್ಯ ಹೇಳಿಸುವುದು ಆ ಕ್ರಮ. 1984ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಹಮ್ ಲೋಗ್’ ಇದೇ ಮಾದರಿಯನ್ನು ಅನುಸರಿಸಿತು. ಮನೋಹರ ಶ್ಯಾಮ ಜೋಶಿಯವರು ಬರೆದ, 150ಕ್ಕೂ ಹೆಚ್ಚು ಕಂತುಗಳ ಆ ಧಾರಾವಾಹಿಯಲ್ಲಿ ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ಬಂದು, ಮನೆಯ ಹಿರಿಯರ ದನಿಯಲ್ಲಿ ಎರಡು ಮಾತು ಹೇಳುತ್ತಿದ್ದುದು ಆ ಕಾಲದವರಿಗೆ ನೆನಪಿದ್ದೀತು.

ಅದರಲ್ಲಿ ಭಾಗವಂತಿ ಎಂಬ ತಾಯಿಯ ಪಾತ್ರವಿತ್ತು. ಕುಡುಕ ಗಂಡನ ಅಬ್ಬರವನ್ನೂ ಅತ್ತೆಯ ಕುಟುಕು ಮಾತನ್ನೂ ತುಟಿಪಿಟಕ್ಕೆನ್ನದೆ ನುಂಗುವ ಹೆಂಗಸು ಅವಳು. ಹೀಗೆ ಎಲ್ಲವನ್ನೂ ಸಹಿಸಿದರೆ ಬದುಕು ಏನಾಗುತ್ತದೆ ಎಂದು ತೋರಿಸುವುದಕ್ಕಾಗಿಯೇ, ಅಂದರೆ ಅನುಸರಿಸಬಾರದ ಮಾದರಿಯಾಗಿ, ಅವಳನ್ನು ರೂಪಿಸಲಾಗಿತ್ತು. ಆದರೆ ಅರವಿಂದ್ ಸಿಂಘಲ್, ಎವರೆಟ್ ರೋಜರ್ಸ್ ಮೊದಲಾದ ಸಂಶೋಧಕರು ಪ್ರೇಕ್ಷಕರನ್ನು ಮಾತನಾಡಿಸಿದಾಗ ಬೇರೆಯೇ ಸಂಗತಿ ಹೊರಬಂತು. ಸಾಕಷ್ಟು ಜನರಿಗೆ, ಅವರಲ್ಲಿ ಹೆಂಗಸರಿಗೂ, ಭಾಗವಂತಿಯೇ ಆದರ್ಶ ಗೃಹಿಣಿಯಾಗಿ ಕಂಡಿದ್ದಳು. ದೇಶದ ಅತ್ಯಂತ ಪರಿಚಿತ ಧ್ವನಿಗಳಲ್ಲೊಂದು ತಾತ್ಪರ್ಯ ಹೇಳಲು ಕಾದು ನಿಂತಿದ್ದರೂ ನೋಡಿದವರು ತಮಗೆ ಬೇಕಾದ ತಾತ್ಪರ್ಯವನ್ನೇ ತೆಗೆದುಕೊಂಡು ಹೋಗಿದ್ದರು. ‘ಸಂದೇಶವನ್ನು ಇನ್ನೂ ಸ್ಪಷ್ಟವಾಗಿ ಹೇಳಬೇಕಿತ್ತು’ ಎಂಬ ಪಾಠವನ್ನು ಇದರಿಂದ ಕಲಿತವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಭಾಗವಂತಿಯನ್ನು ಮೆಚ್ಚಿದ ಹೆಂಗಸಿಗೆ ಸಂದೇಶ ಕೇಳಿಸಿರಲಿಲ್ಲವೆಂದಲ್ಲ. ತನ್ನ ತಾಯಿಯೂ ಅತ್ತೆಯೂ ತಾನೂ ಬದುಕಿದ ಬದುಕಿಗೆ ಪರದೆಯ ಮೇಲೆ ಮೊದಲ ಬಾರಿಗೆ ಇಷ್ಟು ಗಮನ ಸಿಕ್ಕಿದ್ದನ್ನು ಅವಳು ಕಂಡಿರಬಹುದು. ಅದನ್ನು ತಪ್ಪು ಓದು ಎಂದು ತಳ್ಳಿಹಾಕಲು ನನಗೆ ಧೈರ್ಯವಿಲ್ಲ.

ಅದು ದೃಶ್ಯ ಮಾಧ್ಯಮದ ಮಾತಾಯಿತು. ಬಾನುಲಿಯಲ್ಲಿ ಕೇಳುಗರ ಪಾಲು ಇನ್ನೂ ದೊಡ್ಡದು. ಭಾಗವಂತಿಗೆ ಎಲ್ಲರ ಮನೆಯ ಪೆಟ್ಟಿಗೆಯಲ್ಲೂ ಒಂದೇ ಮುಖವಿತ್ತು, ಒಂದೇ ಸೀರೆಯಿತ್ತು. ಬಾನುಲಿಯ ಪಾತ್ರಕ್ಕೆ ಇರುವುದು ಧ್ವನಿಯೊಂದೇ. ಮುಖವನ್ನು, ಅಂಗಳವನ್ನು, ಅಡುಗೆಮನೆಯ ಹೊಗೆಯನ್ನು ಕೇಳಿದವರೇ ಒದಗಿಸಬೇಕು, ಒದಗಿಸುವಾಗ ತಮ್ಮ ಊರಿನಿಂದಲೇ ತರಬೇಕು. ಹೀಗೆ ಕಥೆಯ ಅರ್ಧದಷ್ಟನ್ನು ತಾವೇ ಕಟ್ಟಿದವರ ಮುಂದೆ ಕೊನೆಗೊಬ್ಬರು ಬಂದು ಇಡೀ ಕಥೆಯ ಒಡೆತನ ತಮ್ಮದೆಂಬಂತೆ ತೀರ್ಪು ಕೊಡುವುದು ಸರಿಯಲ್ಲ.

1996ರ ಫೆಬ್ರುವರಿಯಿಂದ ಒಂದು ವರ್ಷ ಕಾಲ ಆಕಾಶವಾಣಿಯು ಹಿಂದಿ ಪ್ರದೇಶದ ನಿಲಯಗಳಿಂದ ‘ತಿನಕಾ ತಿನಕಾ ಸುಖ್’ ಎಂಬ 104 ಕಂತುಗಳ ಧಾರಾವಾಹಿಯನ್ನು ಪ್ರಸಾರ ಮಾಡಿತು. ಅದರಲ್ಲಿ ಪೂನಂ ಎಂಬ ನವವಧು, ತಂದ ವರದಕ್ಷಿಣೆ ಸಾಲದೆಂದು ಗಂಡನ ಮನೆಯವರಿಂದ ಹೊಡೆಸಿಕೊಂಡು, ನಡತೆಗೆಟ್ಟವಳೆಂಬ ಆರೋಪ ಹೊತ್ತು ತವರಿಗೆ ಮರಳಿ, ಕೊನೆಗೆ ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಆ ವರ್ಷದ ಕೊನೆಯ ಹೊತ್ತಿಗೆ ಉತ್ತರ ಪ್ರದೇಶದ ಲುತ್ಸಾನ್ ಎಂಬ ಹಳ್ಳಿಯಿಂದ ಆಕಾಶವಾಣಿಗೆ ಭಿತ್ತಿಪತ್ರದ ಗಾತ್ರದ ಕಾಗದವೊಂದು ಬಂತು. ತಮ್ಮೂರಿನವರು ಇನ್ನು ವರದಕ್ಷಿಣೆ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ ಎಂದು ಅದರಲ್ಲಿ ಬರೆದಿತ್ತು. ಕೆಳಗೆ 184 ಜನರ ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳಿದ್ದವು.

ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಪೂನಂ ಸಾಯುವ ಹೊತ್ತಿಗೆ ಅದಕ್ಕೆ 35 ವರ್ಷ ತುಂಬಿತ್ತು. ವರದಕ್ಷಿಣೆ ಕೆಟ್ಟದ್ದೆಂಬ ಮಾಹಿತಿ ಲುತ್ಸಾನಿನವರಿಗೆ ಹೊಸದೇನೂ ಆಗಿರಲಾರದು. ಊರಿನವರೆಲ್ಲ ಒಂದೇ ಹುಡುಗಿಯ ಕಥೆಯನ್ನು ತಿಂಗಳುಗಟ್ಟಲೆ ಕೇಳಿ, ಅವಳು ಸತ್ತಾಗ ಒಟ್ಟಿಗೆ ಮರುಗಿ, ಆ ಮರುಕವನ್ನು ಒಬ್ಬರ ಮುಂದೊಬ್ಬರು ಆಡಿ ತೋರಿಸಿದ್ದು ಹೊಸದು. ತನ್ನ ಮಗನಿಗೆ ಹಣ ಕೇಳುವ ಮೊದಲು ಒಬ್ಬ ತಂದೆ ಈಗ ಆ ಮರುಕವನ್ನು ದಾಟಿಯೇ ಹೋಗಬೇಕು. ಕಾಗದ ಬಂದಮೇಲೆ ಆ ಹಳ್ಳಿಗೆ ಹೋಗಿ ನೋಡಿದ ಮೈಕೆಲ್ ಪಾಪಾ, ಸಿಂಘಲ್ ಮತ್ತಿತರ ಸಂಶೋಧಕರು ಎಲ್ಲವೂ ಸರಿಹೋಯಿತೆಂದು ಬರೆಯಲಿಲ್ಲ. ಜನರ ಮಾತಿಗೂ ನಡತೆಗೂ ಇದ್ದ ಅಂತರವನ್ನು, ಬದಲಾವಣೆಗೆ ಹೊರಟವರಿಗೆ ಎದುರಾದ ಹಳೆಯ ಅಧಿಕಾರವನ್ನು ಅವರು ಸುಮ್ಮನೆ ದಾಖಲಿಸಿದರು. ಆ ಪ್ರಾಮಾಣಿಕತೆ ನನಗೆ ಇಷ್ಟವಾಗುತ್ತದೆ. ಕಥೆ ಕೇಳಿದ ಊರು ಮರುದಿನವೇ ಬೇರೆ ಊರಾಗಿಬಿಡುತ್ತದೆ ಎಂದು ನಂಬುವವರಿಗೆ ಮಾತ್ರ ಇದು ಸೋಲು.

ಬಾನುಲಿ, ಕಥೆ ಮತ್ತು ಕೇಳುಗರ ಸ್ವಾತಂತ್ರ್ಯ ಇವುಗಳ ಬಗ್ಗೆ ಯೋಚಿಸುವಾಗ ನಾನು ಮತ್ತೆ ಮತ್ತೆ ಹಿಂದಿರುಗುವುದು ಆಫ್ರಿಕಾದ ರುವಾಂಡಕ್ಕೆ. ಅಲ್ಲಿ 1993ರ ಜುಲೈಯಲ್ಲಿ ಆರ್‌ಟಿಎಲ್‌ಎಂ ಎಂಬ ಖಾಸಗಿ ಬಾನುಲಿ ಕೇಂದ್ರ ಶುರುವಾಯಿತು. ಹಾಡು, ಹಾಸ್ಯ, ಬೀದಿ ಹರಟೆಯ ಶೈಲಿಯಿಂದ ಜನರನ್ನು ಹಿಡಿದಿಟ್ಟುಕೊಂಡ , ಹುತು ಉಗ್ರರ ಕೈಯಲ್ಲಿದ್ದ ಆ ಕೇಂದ್ರವು ಅಲ್ಲಿನ ಅಲ್ಪಸಂಖ್ಯಾತರಾದ ತುತ್ಸಿ ಜನಾಂಗದವರನ್ನು ಜಿರಲೆಗಳೆಂದು ಕರೆಯುತ್ತ, 1994ರ ನರಮೇಧದ ದಿನಗಳಲ್ಲಿ ಯಾರನ್ನು ಎಲ್ಲಿ ಹುಡುಕಬೇಕೆಂದು ಹೆಸರು, ವಿಳಾಸ ಸಮೇತ ಹೇಳಿತು. ಸುಮಾರು 100 ದಿನಗಳಲ್ಲಿ ಸತ್ತವರ ಸಂಖ್ಯೆಯನ್ನು ಸಾಮಾನ್ಯವಾಗಿ 8 ಲಕ್ಷದಷ್ಟೆಂದು ಅಂದಾಜಿಸುತ್ತಾರೆ. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿಯು ಆ ಕೇಂದ್ರವನ್ನು ಕಟ್ಟಿದವರನ್ನು ಅಪರಾಧಿಗಳೆಂದು ಘೋಷಿಸಿತು. ಕೇಳುಗರಿಗೆ ಯಾವ ಅನುಮಾನವನ್ನೂ ಉಳಿಸದೆ ಎಲ್ಲವನ್ನೂ ತಾನೇ ಅರ್ಥೈಸಿ ಕೊಡುವ ಬಾನುಲಿಯ ಪರಮಾವಧಿ ಅದು.

ಹತ್ತು ವರ್ಷಗಳ ನಂತರ, 2004ರಲ್ಲಿ, ಅದೇ ನೆಲದಲ್ಲಿ ‘ಮುಸೆಕೆವೆಯಾ’ ಎಂಬ ಬಾನುಲಿ ಧಾರಾವಾಹಿ ಆರಂಭವಾಯಿತು. ಹೊಸ ಬೆಳಗು ಎಂಬ ಅರ್ಥದ ಹೆಸರು ಅದರದು. ನೆದರ್ಲೆಂಡ್ಸ್ ಮೂಲದ ಲಾ ಬೆನೆವೊಲೆನ್ಸಿಯಾ ಎಂಬ ಸಂಸ್ಥೆ ಅದನ್ನು ನಿರ್ಮಿಸಿತು. ಎದುರುಬದುರಿನ ಗುಡ್ಡಗಳ ಮೇಲೆ ಬುಮಾಂಜಿ, ಮುಹುಮುರೊ ಎಂಬ ಎರಡು ಹಳ್ಳಿಗಳು, ನಡುವೆ ಫಲವತ್ತಾದ ಒಂದು ಕಣಿವೆ. ಕಣಿವೆಯ ಭೂಮಿ ಒಂದು ಹಳ್ಳಿಯ ಪಾಲಾಗುತ್ತದೆ, ಮಳೆ ಕೈಕೊಡುತ್ತದೆ, ಹಸಿದ ಹಳ್ಳಿಯಲ್ಲಿ ಮತ್ಸರ ಬೆಳೆಯುತ್ತದೆ, ಆ ಮತ್ಸರವನ್ನು ಬಳಸಿಕೊಳ್ಳುವ ನಾಯಕನೊಬ್ಬ ಹುಟ್ಟಿಕೊಳ್ಳುತ್ತಾನೆ, ದಾಳಿ ನಡೆಯುತ್ತದೆ. ಒಂದು ಹಳ್ಳಿಯ ಬಾತಮುಲಿಜಾ ಎಂಬ ಹುಡುಗಿಯೂ ಇನ್ನೊಂದು ಹಳ್ಳಿಯ ಶೇಮಾ ಎಂಬ ಹುಡುಗನೂ ಪರಸ್ಪರ ಪ್ರೀತಿಸಿ, ಎರಡೂ ಕಡೆಯ ಹಿರಿಯರ ವಿರೋಧದ ನಡುವೆ ಯುವಕರನ್ನು ಒಟ್ಟುಗೂಡಿಸುತ್ತಾರೆ. ಹುತು ಎಂಬ ಪದವಾಗಲಿ ತುತ್ಸಿ ಎಂಬ ಪದವಾಗಲಿ ಕಥೆಯಲ್ಲಿ ಎಲ್ಲಿಯೂ ಬರುವುದಿಲ್ಲ. ಜನಾಂಗದ ಹೆಸರೆತ್ತಿ ಮಾತನಾಡುವುದೇ ಅಪಾಯವಾಗಿದ್ದ ಕಾಲದಲ್ಲಿ ಅದು ಅನಿವಾರ್ಯವೂ ಆಗಿತ್ತು. ಆದರೆ ಆ ಅನಿವಾರ್ಯತೆಯಿಂದ ಕಥೆಗೆ ಒಳಿತೇ ಆಯಿತು ಎಂದು ನನ್ನ ಎಣಿಕೆ. ಮನೆಯವರನ್ನೆಲ್ಲ ಕಳೆದುಕೊಂಡ ವಿಧವೆ ಮತ್ತು ಜೈಲಿನಲ್ಲಿರುವ ಅಪರಾಧಿಯ ಮಗ ಒಂದೇ ಸಂಜೆ, ಒಂದೇ ಮರದ ಕೆಳಗೆ, ಒಂದೇ ಪೆಟ್ಟಿಗೆಯ ಮುಂದೆ ಕೂತು ಅದನ್ನು ಕೇಳಬಹುದಿತ್ತು. ಯಾರ ಕಡೆಗೂ ಬೆರಳು ತೋರದ ಆ ಕಥೆಯೊಳಗೆ ತಾನೆಲ್ಲಿದ್ದೇನೆ ಎಂಬುದನ್ನು ಅವರವರೇ ಹುಡುಕಿಕೊಳ್ಳಬೇಕಿತ್ತು.

ಎಲಿಜಬೆತ್ ಲೆವಿ ಪಲಕ್ ಎಂಬ ಮನಶ್ಶಾಸ್ತ್ರಜ್ಞೆ ಈ ಧಾರಾವಾಹಿಯ ಪರಿಣಾಮವನ್ನು ಒಂದು ವರ್ಷ ಕಾಲ ಕ್ಷೇತ್ರ ಪ್ರಯೋಗದ ಮೂಲಕ ಅಳೆದರು. ಅದರ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಕೆಲವು ಊರಿನವರಿಗೆ ಮುಸೆಕೆವೆಯಾವನ್ನು, ಇನ್ನು ಕೆಲವು ಊರಿನವರಿಗೆ ಆರೋಗ್ಯದ ವಿಷಯದ ಬೇರೊಂದು ಧಾರಾವಾಹಿಯನ್ನು ಗುಂಪಿನಲ್ಲಿ ಕೇಳಿಸಿ, ಕೊನೆಗೆ ಎರಡನ್ನೂ ಹೋಲಿಸಿದರು. ಧಾರಾವಾಹಿಯನ್ನು ರೂಪಿಸಿದವರಿಗೆ ಕಲಿಸಬೇಕಾದ ಪಾಠಗಳಿದ್ದವು. ಹಿಂಸೆ ಒಮ್ಮೆಲೇ ಸ್ಫೋಟಿಸುವುದಿಲ್ಲ, ಹಂತ ಹಂತವಾಗಿ ಬೆಳೆಯುತ್ತದೆ ಎಂಬುದು ಒಂದು. ಸುಮ್ಮನೆ ನೋಡುತ್ತ ನಿಂತವರ ಮೌನವೂ ಅದಕ್ಕೆ ಗೊಬ್ಬರವಾಗುತ್ತದೆ ಎಂಬುದು ಇನ್ನೊಂದು. ವರ್ಷದ ಕೊನೆಯಲ್ಲಿ ಕೇಳಿದರೆ ಈ ಪಾಠಗಳ ವಿಷಯದಲ್ಲಿ ಕೇಳುಗರ ಸ್ವಂತ ನಂಬಿಕೆಗಳು ಬದಲಾಗಿರಲಿಲ್ಲ. ಆದರೆ ತಮ್ಮ ಸಮುದಾಯದಲ್ಲಿ ಹೇಗೆ ನಡೆದುಕೊಳ್ಳುವುದು ಸಹಜ, ಯಾವುದು ಆಡಬಹುದಾದ ಮಾತು ಎಂಬ ಅವರ ಗ್ರಹಿಕೆ ಬದಲಾಗಿತ್ತು. ಬೇರೆ ಗುಂಪಿನವರೊಂದಿಗೆ ಮದುವೆಯ ಬಗ್ಗೆ, ಅಪನಂಬಿಕೆಯ ಬಗ್ಗೆ, ಭಿನ್ನಾಭಿಪ್ರಾಯವನ್ನು ಬಾಯಿಬಿಟ್ಟು ಹೇಳುವುದರ ಬಗ್ಗೆ ಅವರು ಬೇರೆ ರೀತಿಯಲ್ಲಿ ಮಾತನಾಡುತ್ತಿದ್ದರು.

ಪಲಕ್ ಅವರ ವರದಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಕ್ಯಾಸೆಟ್ಟುಗಳದು. ಸಂಶೋಧನೆ ಮುಗಿದ ದಿನ ಪ್ರತಿ ಗುಂಪಿಗೂ ಒಂದು ಕ್ಯಾಸೆಟ್ ಪ್ಲೇಯರನ್ನೂ ಧಾರಾವಾಹಿಯ ಕ್ಯಾಸೆಟ್ಟುಗಳನ್ನೂ ಉಡುಗೊರೆಯಾಗಿ ಕೊಟ್ಟು, ಅದನ್ನು ಹೇಗೆ ಹಂಚಿಕೊಳ್ಳುತ್ತೀರಿ ಎಂಬುದನ್ನು ನೀವೇ ತೀರ್ಮಾನಿಸಿ ಎಂದರು. ಆರೋಗ್ಯದ ಧಾರಾವಾಹಿ ಕೇಳಿದ ಗುಂಪುಗಳಲ್ಲಿ ಸಾಮಾನ್ಯವಾಗಿ ಯಾರಾದರೊಬ್ಬರು ‘ಊರಿನ ಮುಖ್ಯಸ್ಥರೇ ಇಟ್ಟುಕೊಳ್ಳಲಿ’ ಎನ್ನುತ್ತಿದ್ದರು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಮುಸೆಕೆವೆಯಾ ಕೇಳಿದ ಗುಂಪುಗಳಲ್ಲಿ ಅಂಥ ಸಲಹೆ ಬಂದೊಡನೆ ಇನ್ನೊಬ್ಬರು ಎದ್ದು, ಏಕೆ, ನಾವೇ ಸೇರಿ ನೋಡಿಕೊಳ್ಳಬಾರದೇ ಎಂದು ಕೇಳಿ ಚರ್ಚೆಗೆ ಇಳಿಯುತ್ತಿದ್ದರು. ಅಧಿಕಾರದ ಮಾತಿಗೆ ಮರುಮಾತಾಡದ ಅಭ್ಯಾಸವೇ ನರಮೇಧದ ಕಾರಣಗಳಲ್ಲೊಂದೆಂದು ಎಷ್ಟೋ ಜನ ಹೇಳುವ ದೇಶದಲ್ಲಿ, ಒಂದು ಕ್ಯಾಸೆಟ್ ಪೆಟ್ಟಿಗೆಯ ನೆಪದಲ್ಲಿ ಆ ಮರುಮಾತು ಬಂದಿತ್ತು. ಹೇಳಿಕೊಟ್ಟ ಪಾಠ ಅಲ್ಲೇ ಉಳಿಯಿತು. ಹಿರಿಯರಿಗೆ ಎದುರಾಡುವ ಆ ಹುಡುಗ ಹುಡುಗಿಯರನ್ನು ತಿಂಗಳು ತಿಂಗಳು ಕೇಳುತ್ತ ಕೂತದ್ದು ಮಾತ್ರ ಎಲ್ಲೋ ಒಳಗೆ ಇಳಿದಿತ್ತು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಇಲ್ಲಿಗೇ ನಿಲ್ಲಿಸಿದರೆ ನನ್ನ ವಾದಕ್ಕೆ ಬಹಳ ಅನುಕೂಲ. ಆದರೆ ಅದೇ ಪಲಕ್ ಅವರು ನೆರೆಯ ಕಾಂಗೊ ದೇಶದ ಪೂರ್ವ ಭಾಗದಲ್ಲಿ ಮಾಡಿದ ಇನ್ನೊಂದು ಪ್ರಯೋಗ 2010ರಲ್ಲಿ ಪ್ರಕಟವಾಗಿದೆ. ಅಲ್ಲಿ ಒಂದು ಬಾನುಲಿ ಧಾರಾವಾಹಿಯನ್ನು ಕೆಲವು ಪ್ರದೇಶಗಳಲ್ಲಿ ಹಾಗೆಯೇ ಪ್ರಸಾರ ಮಾಡಿದರು, ಇನ್ನು ಕೆಲವೆಡೆ ಧಾರಾವಾಹಿಯ ನಂತರ ಮಾತುಕತೆಯ ಕಾರ್ಯಕ್ರಮವೊಂದನ್ನು ಸೇರಿಸಿದರು. ಕಥೆಯ ಬಗ್ಗೆ ನಿಮ್ಮ ನಿಮ್ಮಲ್ಲೇ ಚರ್ಚಿಸಿ, ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸಿ ಎಂದು ನಿರೂಪಕರು ಹುರಿದುಂಬಿಸುತ್ತಿದ್ದರು. ಜನ ಚರ್ಚಿಸಿದರು. ಆದರೆ ಬರೀ ಧಾರಾವಾಹಿ ಕೇಳಿದವರಿಗಿಂತ ಇವರಲ್ಲಿ ಅಸಹನೆ ಹೆಚ್ಚಾಗಿತ್ತು, ಹಳೆಯ ಗಾಯಗಳ ನೆನಪು ಮುಂದೆ ಬಂದಿತ್ತು. ಉಡುಗೊರೆಯಾಗಿ ಸಿಕ್ಕ ಉಪ್ಪಿನಲ್ಲಿ ಒಂದು ಪಾಲನ್ನು ತಮಗೆ ಆಗದ ಗುಂಪಿನವರಿಗೆ ಕೊಡುತ್ತೀರಾ ಎಂದು ಕೇಳಿದಾಗ ಒಪ್ಪಿದವರೂ ಇವರಲ್ಲಿ ಕಡಿಮೆ.

ಈ ಉಪ್ಪಿನ ಕಥೆ ನನ್ನನ್ನು ಬಹಳ ಕಾಡಿದೆ. ‘ಅರ್ಥವನ್ನು ಕೇಳುಗರಿಗೆ ಬಿಡಿ’ ಎಂದು ಉತ್ಸಾಹದಿಂದ ಹೇಳುವ ನಮ್ಮಂಥವರು ಮನಸ್ಸಿನ ಮೂಲೆಯಲ್ಲಿ, ಬಿಟ್ಟರೆ ಅವರು ನಮ್ಮ ಅಭಿಪ್ರಾಯಕ್ಕೇ ಬರುತ್ತಾರೆ ಎಂದು ನಂಬಿರುತ್ತೇವೆ. ಆ ನಂಬಿಕೆಗೆ ಕಾಂಗೊದಲ್ಲಿ ಪೆಟ್ಟು ಬಿತ್ತು. ಗುಂಡಿನ ಸದ್ದು ಇನ್ನೂ ನಿಲ್ಲದ ಪ್ರದೇಶದಲ್ಲಿ ಜನ ತಮ್ಮ ಅನುಭವದಿಂದಲೇ ಅರ್ಥ ಹುಡುಕಿದರು, ಅನುಭವದಲ್ಲಿ ಇದ್ದದ್ದು ನೋವು ಮತ್ತು ಸಿಟ್ಟು. ಇನ್ನೊಂದು ದಿಕ್ಕಿನಿಂದ ನೋಡಿದರೆ, ಕಥೆ ಮುಗಿದೊಡನೆ ಈಗ ಮಾತಾಡಿ, ಈಗಲೇ ಅಭಿಪ್ರಾಯ ಹೇಳಿ ಎಂದು ಒತ್ತಾಯಿಸುವುದೂ ಕೇಳುಗರನ್ನು ಅವರಷ್ಟಕ್ಕೆ ಬಿಟ್ಟಂತಲ್ಲ. ನಾಲ್ಕು ಜನರ ನಡುವೆ ಆಡಿದ ಮಾತಿಗೆ ಮನುಷ್ಯ ಬದ್ಧನಾಗುತ್ತಾನೆ, ಒಮ್ಮೆ ಬಾಯಿಂದ ಬಂದ ಸಿಟ್ಟನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟ. ಸಮಾರೋಪ ಮಾತಿನ ಬದಲಿಗೆ ಪ್ರಶ್ನಾವಳಿ ಇಟ್ಟರೆ ಸಾಕೆಂದು ತಿಳಿದಿರುವ ನಿರ್ಮಾಪಕರು ಈ ಅಧ್ಯಯನವನ್ನು ಒಮ್ಮೆ ಓದಬೇಕು.

ಹಾಗೆಂದು ಕಥೆಯ ಜೊತೆ ವಿವರಣೆಯೇ ಇರಕೂಡದೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಗಮಕ ಕೇಳಿ ಬೆಳೆದ ಕನ್ನಡಿಗರು ನಕ್ಕಾರು. ಆಕಾಶವಾಣಿಯಲ್ಲಿ ಕುಮಾರವ್ಯಾಸನ ಪದ್ಯವನ್ನು ಒಬ್ಬರು ರಾಗವಾಗಿ ವಾಚಿಸಿ ಇನ್ನೊಬ್ಬರು ವ್ಯಾಖ್ಯಾನ ಮಾಡುವಾಗ, ವ್ಯಾಖ್ಯಾನವೇ ಅರ್ಧ ಸೊಗಸು. ಆದರೆ ಒಳ್ಳೆಯ ವ್ಯಾಖ್ಯಾನಕಾರರು ಪದ್ಯವನ್ನು ಬಿಚ್ಚುತ್ತಾರೆ. ಕರ್ಣ ಈ ಮಾತನ್ನು ಯಾವ ಮನಸ್ಸಿನಿಂದ ಆಡಿರಬಹುದು, ಹೀಗೂ ಇರಬಹುದು, ಹಾಗೂ ಇರಬಹುದು ಎನ್ನುತ್ತ ಕೇಳುಗರ ಮುಂದೆ ಹೆಚ್ಚು ದಾರಿಗಳನ್ನು ತೆರೆಯುತ್ತಾರೆ. ಆದ್ದರಿಂದ ಕರ್ಣನಂತೆ ದುಷ್ಟರ ಸಹವಾಸ ಮಾಡಬಾರದು ಎಂದು ಪುಸ್ತಕ ಮುಚ್ಚುವುದಿಲ್ಲ. ಕರಾವಳಿಯ ತಾಳಮದ್ದಳೆಯಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಮಂಗಳೂರು ಆಕಾಶವಾಣಿಯಿಂದ ಅದನ್ನು ಕೇಳಿದವರಿಗೆ ಗೊತ್ತು, ವೇಷವಿಲ್ಲ, ಕುಣಿತವಿಲ್ಲ, ಹಾಡು ಮತ್ತು ಮಾತು ಮಾತ್ರ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಕೇಳತೊಡಗಿದರೆ ರಾಮನ ಅರ್ಥ ಹೇಳುವವರು ಬೆವರಬೇಕಾಗುತ್ತಿತ್ತು. ಪ್ರಸಂಗದಲ್ಲಿ ವಾಲಿ ಸಾಯುವುದಂತೂ ನಿಶ್ಚಿತ. ಆದರೆ ವಾದದಲ್ಲಿ ಗೆದ್ದವರು ಯಾರೆಂಬುದನ್ನು ಮರುದಿನ ಚಹಾದ ಅಂಗಡಿಯಲ್ಲಿ ಕೇಳುಗರೇ ಇತ್ಯರ್ಥ ಮಾಡಬೇಕಿತ್ತು. ಇಂಥ ಜಟಿಲ ಧರ್ಮಜಿಜ್ಞಾಸೆಯನ್ನು ತಲೆಮಾರುಗಳಿಂದ ನಿಭಾಯಿಸುತ್ತ ಬಂದ ಕೇಳುಗರಿಗೆ, ಕುಡುಕ ಗಂಡನ ಕಥೆಯೊಂದು ತಾನಾಗಿ ಅರ್ಥವಾಗುವುದಿಲ್ಲ ಎಂದು ನಾವು ಭಾವಿಸುವುದು ಹೇಗೆ?

ಕಥೆಯನ್ನು ವಿವರಣೆಯಿಂದ ದೂರವಿಡುವುದರಲ್ಲೇ ಕಥನಕಲೆಯ ಅರ್ಧದಷ್ಟು ಇದೆ ಎಂದ ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ಸ್ವತಃ ಬಾನುಲಿಯವರು. 1927ರಿಂದ 1933ರ ಆರಂಭದವರೆಗೆ ಬರ್ಲಿನ್, ಫ್ರಾಂಕ್‌ಫರ್ಟ್ ಕೇಂದ್ರಗಳಿಂದ ಅವರು ಹತ್ತಾರು ಕಾರ್ಯಕ್ರಮಗಳನ್ನು, ಅವುಗಳಲ್ಲಿ ಹಲವನ್ನು ಮಕ್ಕಳಿಗಾಗಿ, ಪ್ರಸಾರ ಮಾಡಿದ್ದರು. 1936ರಲ್ಲಿ ಬರೆದ ಪ್ರಬಂಧದಲ್ಲಿ ಅವರು ಗ್ರೀಕ್ ಇತಿಹಾಸಕಾರ ಹೆರೊಡೊಟಸನಿಂದ ಒಂದು ನಿದರ್ಶನ ಕೊಡುತ್ತಾರೆ. ಸೋತ ಈಜಿಪ್ಟಿನ ಅರಸ, ಮಗಳು ದಾಸಿಯಾಗಿ ನೀರು ಹೊರುವುದನ್ನೂ ಮಗನನ್ನು ಕೊಲ್ಲಲು ಒಯ್ಯುವುದನ್ನೂ ಕಂಡು ಅಳುವುದಿಲ್ಲ, ಭಿಕಾರಿಯಾದ ತನ್ನವನೊಬ್ಬನನ್ನು ಕಂಡಾಗ ತಲೆ ಬಡಿದುಕೊಂಡು ಅಳುತ್ತಾನೆ. ಹೆರೊಡೊಟಸ್ ಇದಕ್ಕೆ ಕಾರಣವನ್ನೇ ಹೇಳುವುದಿಲ್ಲ, ಆದ್ದರಿಂದಲೇ ಈ ಕಥೆ ಇಷ್ಟು ಸಾವಿರ ವರ್ಷ ಬಾಳಿದೆ ಎನ್ನುತ್ತಾರೆ ಬೆಂಜಮಿನ್. ತಮಾಷೆಯೆಂದರೆ ಹೆರೊಡೊಟಸ್ ಕಾರಣ ಹೇಳುತ್ತಾನೆ. ನನ್ನ ಮನೆಯ ದುಃಖ ಅಳುವಿಗೂ ಮೀರಿದ್ದು, ಗೆಳೆಯನ ದುಃಖಕ್ಕಾದರೆ ಕಣ್ಣೀರು ಸಲ್ಲುತ್ತದೆ ಎಂದು ಅರಸನೇ ಉತ್ತರಿಸುತ್ತಾನೆ. ಬೆಂಜಮಿನ್‌ಗೆ ಆ ಉತ್ತರ ನೆನಪಿನಿಂದ ಜಾರಿತ್ತೋ, ಬೇಡವೆಂದು ಬಿಟ್ಟರೋ, ಅಂತೂ ಉತ್ತರವಿಲ್ಲದ ಅವರ ಕಥೆಯೇ ನನಗೆ ಹೆಚ್ಚು ಕಾಲ ಜೊತೆಗಿದೆ.

ಸಮುದಾಯ ಬಾನುಲಿಗಾಗಿ ಬರೆಯುವ ಯುವಕರೊಂದಿಗೆ ಆಗೊಮ್ಮೆ ಈಗೊಮ್ಮೆ ಕೂರುವ ಅವಕಾಶ ನನಗೆ ಸಿಗುತ್ತದೆ. ಹಣ ಕೊಡುವ ಸಂಸ್ಥೆಗಳ ನಮೂನೆಗಳಲ್ಲಿ ‘ಈ ಕಂತಿನ ಸಂದೇಶ’ ಎಂಬ ಕಾಲಂ ಇದ್ದೇ ಇರುತ್ತದೆ. ಅದನ್ನು ತುಂಬುವುದರಲ್ಲಿ ತಪ್ಪಿಲ್ಲ, ತುಂಬಿದ್ದನ್ನು ಪಾತ್ರದ ಬಾಯಿಗೆ ತುರುಕಬಾರದು, ಅಷ್ಟೇ. ಮಾತಿನಲ್ಲಿ ಹೇಳಬೇಕೆನಿಸಿದ್ದನ್ನು ಸಾಧ್ಯವಾದಷ್ಟು ಕಥೆಯ ಘಟನೆಗೆ ಇಳಿಸಿ ಎಂದು ಅವರಿಗೆ ಹೇಳುತ್ತೇನೆ. ಕುಡಿತ ಕೆಟ್ಟದ್ದೆಂದು ಹೆಂಡತಿಯಿಂದ ಭಾಷಣ ಮಾಡಿಸುವ ಬದಲು, ಮಗಳ ಶಾಲೆಯ ಶುಲ್ಕಕ್ಕೆಂದು ಡಬ್ಬಿಯಲ್ಲಿಟ್ಟ ಹಣವನ್ನು ಅವಳು ಎಣಿಸುವ ಸದ್ದು ಕೇಳಿಸಲಿ, ನಡುವೆ ಎಣಿಕೆ ನಿಲ್ಲಲಿ. ಗಂಡನಿಗೂ ಅವನ ಪಾಲಿನ ನ್ಯಾಯವಾದ ಮಾತೊಂದು ಇರಲಿ. ಕಥೆ ಮುಗಿದ ಮೇಲೆ ಜಾಹೀರಾತಿಗೋ ಪ್ರಕಟಣೆಗೋ ಹಾರದೆ ವಾದ್ಯಸಂಗೀತವನ್ನು ಸ್ವಲ್ಪ ಹೊತ್ತು ಹರಿಯಬಿಡಿ. ಕಾಗದ ಬರೆಯಿರಿ, ಫೋನ್ ಮಾಡಿ ಎಂಬ ಕರೆ ವಾರ ಕಳೆದು ಬಂದರೂ ನಷ್ಟವಿಲ್ಲ. ಬಂದ ಕಾಗದಗಳಲ್ಲಿ ನಮಗೆ ಹಿಡಿಸದವನ್ನೂ ಓದಿ ಪ್ರಸಾರ ಮಾಡುವ ಗಟ್ಟಿತನ ನಿಲಯಕ್ಕೆ ಬೇಕು.

ಕೆಲವು ಸಂಗತಿಗಳನ್ನು ಮಾತ್ರ ಕೇಳುಗರ ಕಲ್ಪನೆಗೆ ಬಿಡಲೇಬಾರದು. 1951ರ ಜನವರಿ 1ರಂದು ಇಡೀ ಬ್ರಿಟನ್ನಿಗೆ ಪ್ರಸಾರ ಆರಂಭಿಸಿದ ಬಿಬಿಸಿಯ ‘ದಿ ಆರ್ಚರ್ಸ್’ ಧಾರಾವಾಹಿಯು ಯುದ್ಧಾನಂತರದ ಆಹಾರದ ಕೊರತೆಯ ಕಾಲದಲ್ಲಿ, ರೈತರಿಗೆ ಬೇಸಾಯದ ಸಲಹೆ ಮುಟ್ಟಿಸಲೆಂದೇ ಕೃಷಿ ಸಚಿವಾಲಯದ ಸಹಕಾರದಿಂದ ರೂಪುಗೊಂಡದ್ದು. 1972ರಲ್ಲಿ ಆ ಬೋಧನೆಯ ಹೊಣೆಯನ್ನು ಕಳಚಿಕೊಂಡು ಬರಿಯ ಕಥೆಯಾಗಿ ಅದು ಇಂದಿಗೂ ನಡೆಯುತ್ತಿದೆ. ನಮ್ಮ ಹಳ್ಳಿಯ ಬಾನುಲಿಗೆ ಆ ಹೊಣೆಯನ್ನು ಅಷ್ಟು ಸುಲಭವಾಗಿ ಕಳಚುವಂತಿಲ್ಲ. ವಾಂತಿಭೇದಿಯಾದ ಮಗುವಿಗೆ ಮನೆಯಲ್ಲೇ ದ್ರಾವಣ ಮಾಡುವಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂಬ ಅಳತೆಯಲ್ಲಿ ಕೇಳುಗರ ಸ್ವಂತ ಅರ್ಥಕ್ಕೆ ಜಾಗವಿ‌ಲ್ಲ, ಅದನ್ನು ಎರಡು ಸಲ ನಿಧಾನವಾಗಿ ಹೇಳಬೇಕು. ಆದರೆ ಅದನ್ನು ಕಥೆಯಿಂದ ಬೇರ್ಪಡಿಸಿ, ಬೇರೆ ಧ್ವನಿಯಲ್ಲಿ, ಆರೋಗ್ಯ ಮಾಹಿತಿಯೆಂದೇ ಹೆಸರಿಟ್ಟು ಹೇಳಲಿ. ಕಥೆಯೊಳಗಿನ ಆ ಮಗುವಿನ ಅಜ್ಜಿ ಆಸ್ಪತ್ರೆಗೆ ಹೋಗಲು ಯಾಕಷ್ಟು ತಡಮಾಡಿದಳು ಎಂಬ ವಿಷಯಕ್ಕೆ ಆ ಧ್ವನಿ ಕೈಹಾಕುವುದು ಬೇಡ.